ಡೆಲ್ ತಲೆ ಅಲ್ಲಾಡಿಸದ ದಿನ

ಜುಲೈ ೧೨, ಮಂಗಳವಾರ, ೧೯೮೩. ಬೆಳಿಗ್ಗೆ

ಎರಡೂ ಮಂಡಿಗೆ ಐಸ್ ಕಟ್ಕೊಂಡು ಅಡುಗೆಮನೇಲಿ ಕೂತಿದೀನಿ. ಲೊರೇನ್ ದಿನಾ ಅನ್ನೋ ಮಾತೇ ಅಂದ್ಳು — "ಮೂವತ್ತಾರಕ್ಕೇ ಅಜ್ಜ ಆದೆಯಲ್ಲೋ ರೂಡಿ." ಬೇಸ್‌ಬಾಲಲ್ಲಿ ಬ್ಯಾಟರ್ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಇಷ್ಟು ವರ್ಷ ಚೆಂಡು ಹಿಡಿದ್ರೆ ಇನ್ನೇನಾಗತ್ತೆ. ಕ್ಯಾಚರನ್ನ ಮದುವೆ ಆಗೋ ಮುಂಚೆ ಯೋಚಿಸ್ಬೇಕಿತ್ತು.

ನಿನ್ನೆ ಗೆದ್ವಿ. ನಮ್ಮ ಪಿಚರ್ ಡೆಲ್ ಟಾಲಿವರ್ ಚೆಂಡು ಎಸೆದ್ರೆ ಗೆಲ್ಲದೆ ಏನು. ಬ್ಯಾಟರ್‌ಗಳು ಒಬ್ಬರ ಹಿಂದೆ ಒಬ್ಬರು ಬಂದ್ರು, ಗಾಳಿಗೆ ಬೀಸಿದ್ರು, ಹೋದ್ರು. ಪೇಪರಲ್ಲಿ ದೊಡ್ಡ ಫೋಟೋ. ಈ ಲೀಗಲ್ಲಿ ಇವನಂಥ ಪಿಚರ್ ಇನ್ನೊಬ್ಬನಿಲ್ಲ ಅಂತ ಬರ್ದಿದಾರೆ. ಸುಳ್ಳಲ್ಲ. ಎಂಟು ವರ್ಷದಿಂದ ಅವನ ಚೆಂಡು ಹಿಡೀತಿರೋದು ನನ್ನ ಎಡಗೈ.

ಆದ್ರೆ ಏಳನೇ ಇನ್ನಿಂಗ್ಸಲ್ಲಿ ಒಂದು ಚೆಂಡು... ಸದ್ದು ಸರಿ ಇರ್ಲಿಲ್ಲ. ಅವನ ಜೋರು ಚೆಂಡು ನನ್ನ ಗ್ಲೌಸಿಗೆ ಬಿದ್ರೆ ಪಟಾಕಿ ಸಿಡಿದ ಹಾಗೆ. ಇದು ಒದ್ದೆ ಟವಲ್ ಬಿದ್ದ ಹಾಗೆ ಬಿತ್ತು. ಒಂದೇ ಒಂದು. ಏನೂ ಇರ್ಲಿಕ್ಕಿಲ್ಲ.

ಜುಲೈ ೧೭, ಭಾನುವಾರ. ಹೋಟೆಲ್, ತಿಂಡಿ ಆದ ಮೇಲೆ

ನಿನ್ನೆ ಮತ್ತೆ ಗೆದ್ದ. ಒದ್ದೆ ಟವಲ್ ನಾಲ್ಕೈದು ಸಲ ಬಿತ್ತು.

ಇನ್ನೊಂದು. ಡೆಲ್ ಹುಟ್ಟಾ ತಲೆ ಅಲ್ಲಾಡಿಸೋನು. ನಾನು ತೊಡೆ ಸಂದಿ ಬೆರಳು ತೋರಿಸ್ತೀನಿ — ಒಂದು ಅಂದ್ರೆ ಜೋರು ಚೆಂಡು, ಎರಡು ಅಂದ್ರೆ ತಿರುಗೋದು. ಅವನು ಪಿಚರ್ ನಿಂತು ಎಸೆಯೋ ದಿಬ್ಬದ ಮೇಲಿಂದ 'ಇಲ್ಲ' ಅಂತಾನೆ. ಇನ್ನೊಂದು ತೋರಿಸಿದ್ರೆ ಅದಕ್ಕೂ ಇಲ್ಲ. ಕೊನೆಗೆ ನಾನು ಮೊದಲು ತೋರಿಸಿದ್ದನ್ನೇ ಎಸೀತಾನೆ, ಕತ್ತೆ. ಬರೀ ನನ್ನ ಹೊಟ್ಟೆ ಉರಿಸೋಕೆ. ನಿನ್ನೆ ಎರಡು ಬೆರಳಿಗೆ ಮಾತ್ರ ಅಲ್ಲಾಡಿಸಿದ. ಪ್ರತಿ ಸಲ. ತಿರುಗೋ ಚೆಂಡು ಬೇಡವೇ ಬೇಡ.

ಈಗ ತಿಂಡಿ ತಿನ್ನುವಾಗ ನೋಡ್ದೆ. ಮೊಟ್ಟೆ ಎಡಗೈಲಿ ತಿಂತಿದ್ದ. ಬಲಗೈ ಮೇಜಿನ ಕೆಳಗೆ.

"ಬಲಗೈಗೆ ಏನಾಯ್ತೋ?"

"ರಜೆ ಕೊಟ್ಟಿದೀನಿ. ಅದು ದುಡಿದಷ್ಟು ನೀನು ದುಡಿದಿದ್ರೆ ನಿಂಗೂ ಕೊಡ್ತಿದ್ದೆ."

ಎಲ್ಲರೂ ನಕ್ರು. ನಾನೂ ನಕ್ಕೆ.

ಜುಲೈ ೨೨, ಶುಕ್ರವಾರ

ಹೇಳ್ದ. ಕಾರಲ್ಲಿ. ಮೈದಾನದ ಹಿಂದೆ ನಿಲ್ಸಿ, ಇಂಜಿನ್ ಆಫ್ ಮಾಡಿ, ಸ್ಟೀರಿಂಗ್ ನೋಡ್ಕೊಂಡು ಹೇಳ್ದ.

ಮೊಳಕೈ ಒಳಭಾಗ ಮೇ ತಿಂಗಳಿಂದ ಉರೀತಿದೆಯಂತೆ. ಈಗ ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟತ್ತೆ. ಅಂಗಿ ಗುಂಡಿ ಹೆಂಡ್ತಿ ಒಡೆಸ್ಸಾ ಹಾಕ್ಕೊಡ್ತಾಳಂತೆ. ಅವಳಿಗೆ ಗುಂಡಿ ಬಿಗಿ ಅಂತ ಹೇಳಿದಾನೆ. ಅವಳು ನಂಬಿದಾಳಾ? ಒಡೆಸ್ಸಾ ಅಷ್ಟು ದಡ್ಡಿ ಅಲ್ಲ.

"ಯಜಮಾನನಿಗೆ ಹೇಳೋಣ," ಅಂದೆ. ಯಜಮಾನ ಅಂದ್ರೆ ನಮ್ಮ ಮ್ಯಾನೇಜರ್ ಬೀಚ್. ಇಡೀ ಟೀಮ್ ಹಾಗೇ ಕರೆಯೋದು.

"ಹೇಳು. ಅವನು ಡಾಕ್ಟರ್ ಹತ್ರ ಕಳಿಸ್ತಾನೆ. ಡಾಕ್ಟರ್ ಕತ್ತಿ ಹಾಕ್ತಾನೆ. ಮೊಳಕೈಗೆ ಕತ್ತಿ ಬಿದ್ದ ಎಷ್ಟು ಪಿಚರ್ ವಾಪಸ್ ಬಂದ್ರು, ಒಂದು ಕೈಲಿ ಎಣಿಸು. ಬೆರಳು ಮಿಗತ್ತೆ."

"ಕಿತ್ತೇ ಹೋದ್ರೆ?"

"ಕಿತ್ತು ಹೋದ್ರೆ ಅಲಬಾಮಾಗೆ ಹೋಗಿ ಎಡಗೈಲಿ ಮೀನು ಹಿಡೀತೀನಿ. ಈ ವರ್ಷ ಒಂದು ಮುಗಿಸ್ತೀನಿ ಕಣೋ. ಬಾಯಿ ಬಿಡಲ್ಲ ಅಂತ ಆಣೆ ಇಡು."

ಇಟ್ಟೆ. ಅಮ್ಮನ ಮೇಲೆ. ಯಾಕಿಟ್ಟೆ? ಅವನ ಮುಖ ಹಾಗಿತ್ತು.

ಈಗ ಬಿಸಿ ತುಪ್ಪ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಜುಲೈ ೨೭, ಬುಧವಾರ. ಬೆಳಿಗ್ಗೆ

ಸುಳ್ಳು ಹೇಳ್ದೆ. ಬರೆದು ಹಾಕ್ತೀನಿ.

ನಿನ್ನೆ ಐದನೇ ಇನ್ನಿಂಗ್ಸಲ್ಲಿ ಡೆಲ್ ಚೆಂಡು ಆಚೀಚೆ ಎಸೆದು ಇಬ್ಬರನ್ನ ಬಿಟ್ಟಿಯಾಗಿ ಮೊದಲ ಬೇಸಿಗೆ ಕಳಿಸ್ದ. ಯಜಮಾನ ಎದ್ದು ದಿಬ್ಬಕ್ಕೆ ಬಂದ. ಮೊಣಕಾಲು ಊದಿದ ಎತ್ತಿನ ಹಾಗೆ ನಡೀತಾನೆ. ಬಂದವನು ಡೆಲ್ ಮುಖಾನೂ ನೋಡ್ಲಿಲ್ಲ. ಯಾವ ಮ್ಯಾನೇಜರೂ ನೋಡಲ್ಲ. ಪಿಚರನ್ನ ಕೇಳಿದ್ರೆ ಕೈ ಉದುರಿ ಬಿದ್ದಿದ್ರೂ 'ಚೆನ್ನಾಗಿದೀನಿ' ಅಂತಾನೆ. ಸುಳ್ಳು ಹೇಳೋದು ಪಿಚರ್ ಧರ್ಮ. ಅದಕ್ಕೇ ಕ್ಯಾಚರನ್ನ ಕೇಳೋದು. ನಿಜ ಹೇಳೋದು ನಮ್ಮ ಧರ್ಮ. ಈ ಆಟ ನಿಂತಿರೋದೇ ಅದರ ಮೇಲೆ.

"ಏನಪ್ಪಾ ರೂಡಿ, ಕಸುವು ಇದ್ಯಾ ಇವನಲ್ಲಿ ಇನ್ನೂ?"

"ಬೇಕಾದಷ್ಟಿದೆ ಯಜಮಾನ್ರೇ."

ಬೆನ್ನು ತಟ್ಟಿ ಹೋದ. ಅಷ್ಟೆ. ನನ್ನ ಮಾತು ಅಂದ್ರೆ ಅಷ್ಟು ನಂಬಿಕೆ.

ತಿರುಗೋ ಚೆಂಡೇ ಇಲ್ಲದೆ ಗೆದ್ದ. ಜೋರು, ನಿಧಾನ, ಜೋರು, ಜೋರು. ಟಿವಿಯವರು ನನ್ನ ಚಾಣಾಕ್ಷತನ ಹೊಗಳಿದ್ರು — 'ರೂಡಿ ಕೊಸ್ಚಾಕ್ ಹೊಸ ಲೆಕ್ಕಾಚಾರ' ಅಂತ. ಕೇಳಿ ನಾಚಿಕೆ ಆಯ್ತು.

ಈಗಷ್ಟೇ ಒಡೆಸ್ಸಾ ಫೋನ್. "ರೂಡಿ, ಚಮಚ ಎಡಗೈಲಿ ಹಿಡೀತಿದಾನೆ. ನೀನು ಏನಾದ್ರೂ ಬಲ್ಲೆಯಾ?"

"ಹೊಸ ಮೂಢನಂಬಿಕೆ ಇರ್ಬೇಕು," ಅಂದೆ.

"ನಿನ್ನನ್ನೂ ಕೇಳಬಾರದಿತ್ತು," ಅಂದು ಫೋನ್ ಇಟ್ಟಳು.

ಮುಂದಿನ ಸಲ ಯಜಮಾನ ದಿಬ್ಬಕ್ಕೆ ಬಂದು ಕೇಳಿದ್ರೆ ನಿಜ ಹೇಳ್ತೀನಿ. ಆಣೆ ಇಟ್ಟಿದ್ದು ನಾನಾಗಿ ಹೇಳಲ್ಲ ಅಂತ. ಕೇಳಿದ್ರೆ ಹೇಳಲ್ಲ ಅಂತ ಅಲ್ಲ. ಅಮ್ಮ ಕ್ಷಮಿಸ್ತಾಳೆ. ಕೇಳ್ಲಿ, ಸಾಕು.

ಜುಲೈ ೩೧, ಭಾನುವಾರ. ಬೆಳಿಗ್ಗೆ

ಚರ್ಚಿಗೆ ಹೋಗ್ಬಂದೆ. ಮಧ್ಯಾಹ್ನದ ಆಟ. ಬೇಗ ಇಬ್ಬರು ಮೂವರು ಬಾರಿಸ್ಲಿ, ಯಜಮಾನ ಬೇಗ ಎದ್ದು ಬರ್ಲಿ ಅಂತ ಬೇಡ್ಕೊಂಡೆ. ನಮ್ಮ ಪಿಚರ್‌ಗೇ ಏಟು ಬೀಳ್ಲಿ ಅಂತ ಮೊಣಕಾಲೂರಿ ಬೇಡಿದ ಕ್ಯಾಚರ್ ನಾನೊಬ್ಬನೇ ಇರ್ಬೇಕು.

ಅದೇ ದಿನ. ಸಂಜೆ, ಇನ್ನೂ ಬೆಳಕಿದೆ

ಮೊದಲಿಂದ ಬರೀತೀನಿ.

ದೇವರು ಉಲ್ಟಾ ಕೇಳಿಸ್ಕೊಂಡ. ಮೊದಲ ಇನ್ನಿಂಗ್ಸ್, ಹಿಟ್ ಇಲ್ಲ. ಎರಡು, ಮೂರು, ಇಲ್ಲ. ಐದು ಮುಗಿದಾಗ, ನಾವು ಆಟಗಾರರು ಕೂರೋ ಡಗೌಟಲ್ಲಿ, ಡೆಲ್ ಪಕ್ಕ ಕೂತಿದ್ದವರು ಒಬ್ಬೊಬ್ಬರೇ ಎದ್ದು ದೂರ ಸರಿದ್ರು. ಶುರುವಾಯ್ತು ಅಂದ್ಕೊಂಡೆ.

ಒಬ್ಬನೂ ಬಾರಿಸಿ ಬೇಸ್ ಮುಟ್ಟದ ಹಾಗೆ, ಒಂದೂ ಹಿಟ್ ಕೊಡದೆ ಒಂಬತ್ತು ಇನ್ನಿಂಗ್ಸ್, ಅಂದ್ರೆ ಇಡೀ ಆಟ, ಮುಗಿಸೋದು. ಡೆಲ್‌ಗೆ ಎಲ್ಲಾ ಸಿಕ್ಕಿದೆ, ಇದೊಂದು ಬಿಟ್ಟು. ಎರಡು ಸಲ ಕೊನೇ ಗಳಿಗೇಲಿ ಕೈತಪ್ಪಿದೆ. ಅಂಥದ್ದು ನಡೀತಿರುವಾಗ ಯಾರೂ ಪಿಚರ್ ಹತ್ರ ಮಾತಾಡಲ್ಲ. ಪಕ್ಕ ಕೂರಲ್ಲ. ನೀರೂ ಕೈಗೆ ಕೊಡಲ್ಲ, ಬೆಂಚಿನ ತುದೀಲಿ ಇಟ್ಟು ಬರೋದು. ಅದರ ಹೆಸರಂತೂ ಯಾರೂ ಎತ್ತಲ್ಲ. ಎತ್ತಿದ್ರೆ ದೃಷ್ಟಿ. ಮ್ಯಾನೇಜರ್ ಏನಾದ್ರೂ ಆ ಹೊತ್ತಲ್ಲಿ ದಿಬ್ಬಕ್ಕೆ ಕಾಲಿಟ್ರೆ ಊರಿಗೆ ಊರೇ ಕಲ್ಲು ಹೊಡೆಯತ್ತೆ.

ಅಂದ್ರೆ ಯಜಮಾನ ಬರಲ್ಲ. ಕೇಳಲ್ಲ. ನಾನು ನಿಜ ಹೇಳೋ ಹಾಗಿಲ್ಲ.

ಆರನೇದರಲ್ಲಿ ಒದ್ದೆ ಟವಲ್. ಏಳನೇದರಲ್ಲಿ ಎಲ್ಲಾನೂ ಒದ್ದೆ ಟವಲ್. ಆದ್ರೂ ಬ್ಯಾಟರ್‌ಗಳು ಅವನ ಹೆಸರಿಗೇ ಹೆದರಿ ಬೀಸ್ತಿದ್ರು, ಮೇಲಕ್ಕೆ ಎತ್ತಿ ಕ್ಯಾಚ್ ಕೊಡ್ತಿದ್ರು. ಡೆಲ್ ಪ್ರತಿ ಚೆಂಡು ಎಸೆದ ಮೇಲೆ ಬಲಗೈನ ಪ್ಯಾಂಟಿಗೆ ಉಜ್ಜಿದ. ಬೆವರು ಒರೆಸ್ಕೊಳ್ತಿದಾನೆ ಅಂತ ನೋಡಿದವರಿಗೆ. ಬೆರಳು ಇದ್ಯಾ ಅಂತ ನೋಡ್ಕೊಳ್ತಿದಾನೆ ಅಂತ ನನಗೆ.

ಏಳು ಮುಗಿದ ಮೇಲೆ ಯಜಮಾನನ ಹತ್ರ ಹೋದೆ. ಆಣೆ ಗೀಣೆ ಬಿಟ್ಟು ಹೋದೆ.

"ಯಜಮಾನ್ರೇ, ಒಂದು ಮಾತು. ಡೆಲ್‌ದು —"

ಅಂಗೈ ಎತ್ತಿ ನನ್ನ ಬಾಯಿ ಮುಂದೆ ಹಿಡಿದ. "ಅವನ ಹೆಸರು ಎತ್ಬೇಡ ಮರೀ. ಏನಿದ್ರೂ ನಾಳೆ ಹೇಳು."

"ನಾಳೆ ಆಗಲ್ಲ ಇದು."

"ರೂಡಿ. ಬಾಯಿ ಮುಚ್ಕೊಂಡು ಹೋಗಿ ಕೂತ್ಕೋ." ಕಣ್ಣಲ್ಲಿ ನೀರಿತ್ತು ಮುದುಕನಿಗೆ. ಅಷ್ಟು ಆಸೆ ಪಟ್ಟಿದ್ದ.

ಡೆಲ್ ಬೆಂಚಿನ ಆ ತುದೀಲಿ ಒಬ್ಬನೇ ಕೂತಿದ್ದ. ಅಷ್ಟು ಜನರ ಮಧ್ಯೆ ಬಹಿಷ್ಕಾರ ಹಾಕಿದ ಹಾಗೆ. ಮುಖ ಬೂದಿ ಬಣ್ಣ. ಒಬ್ಬನಾದ್ರೂ ಹೋಗಿ 'ಹೇಗಿದೆ ಕೈ' ಅಂತ ಕೇಳಿದ್ರೆ ಅತ್ತೇ ಬಿಡ್ತಿದ್ದ ಅನ್ಸತ್ತೆ. ಗೌರವ ಅಂತ ನಾವು ಮಾಡಿದ್ದು ಅದು.

ಎಂಟನೇ ಇನ್ನಿಂಗ್ಸ್. ಇಬ್ಬರು ಔಟ್. ಕಿರ್ಬಿ ಸ್ಟ್ರೌಡ್ ಬಂದ. ಬೆಟ್ಟದಂಥ ಆಳು, ಎಡಗೈ ಬ್ಯಾಟರ್. ಅವನಿಗೆ ನಡುಮಧ್ಯ ನೇರ ಚೆಂಡು ಕೊಟ್ರೆ ಮುಗೀತು, ಕಣ್ಮುಚ್ಚಿಯೂ ಬಾರಿಸ್ತಾನೆ. ಲೀಗಿಗೆಲ್ಲಾ ಗೊತ್ತಿರೋ ವಿಷಯ. ಎಂಟು ವರ್ಷದಲ್ಲಿ ನಾವು ಅವನಿಗೆ ಒಂದು ಸಲಾನೂ ಕೊಟ್ಟಿಲ್ಲ.

ನಾನು ದಿಬ್ಬಕ್ಕೆ ಹೋದೆ. "ಡೆಲ್, ಸಾಕು ಅನ್ನು. ನೀನೇ ಅನ್ನು."

ಗ್ಲೌಸಲ್ಲಿ ಬಾಯಿ ಮುಚ್ಕೊಂಡ. "ಹೋಗೋ. ಮಾತಾಡ್ಬೇಡ."

"ಬೆರಳು?"

"ಹೋಗು ಅಂದೆ."

ವಾಪಸ್ ಬಂದು ಕೂತೆ. ಯೋಚನೆ ಮಾಡಿದೆ ಅಂತ ಬರೆದ್ರೆ ಸುಳ್ಳಾಗತ್ತೆ. ಒಂದು ಬೆರಳು ತೋರಿಸ್ದೆ. ಗ್ಲೌಸ್ ತಂದು ಸರೀ ನಡುಮಧ್ಯ ಇಟ್ಟೆ.

ಒಂದು ಹಿಟ್ ಬಿದ್ರೆ ದೃಷ್ಟಿ ಕಳೀತು. ಯಜಮಾನ ಬರಬಹುದು. ಕೇಳಬಹುದು. ಕೈ ಉಳೀಬಹುದು.

ಅವನು ಅಲ್ಲಾಡಿಸ್ತಾನೆ ಅಂತ ಕಾದೆ. ಚಿಕ್ಕ ಹುಡುಗನೂ ಅಲ್ಲಾಡಿಸ್ತಿದ್ದ. ಡೆಲ್ ನೋಡ್ದ. ತುಂಬಾ ಹೊತ್ತು ನೋಡ್ದ. ಗ್ಲೌಸ್ ನೋಡ್ದ, ನನ್ನ ನೋಡ್ದ. ಆಮೇಲೆ ತಲೆ ಮೇಲೆ ಕೆಳಗೆ ಆಡಿಸ್ದ. ಹೂಂ ಅಂತ.

ಎಸೆದ. ಸ್ಟ್ರೌಡ್ ಬೀಸ್ದ. ನಾನು ಚೆಂಡು ಹೋದ ಕಡೆ ನೋಡ್ಲಿಲ್ಲ, ಸದ್ದಲ್ಲೇ ಗೊತ್ತಾಯ್ತು. ಗೋಡೆ ಆಚೆ. ತುಂಬಿದ ಸ್ಟೇಡಿಯಂ ಅಷ್ಟು ಸುಮ್ಮನಾಗಿದ್ದು ನಾನು ಕೇಳಿಲ್ಲ. ಯಾವನೋ ಕಡಲೆಕಾಯಿ ಮಾರೋನು ಕೂಗಿ ಅರ್ಧಕ್ಕೇ ನಿಲ್ಲಿಸ್ದ.

ಯಜಮಾನ ಬಂದ. ಮುಖ ಇಳಿದಿತ್ತು. "ಇದ್ಯಾ ರೂಡಿ, ಇನ್ನೂ?"

ಡೆಲ್ ನನ್ನನ್ನೇ ನೋಡ್ತಿದ್ದ.

"ಇಲ್ಲ. ಖಾಲಿ. ಕೈ ಹೋಗಿದೆ, ಮೇ ತಿಂಗಳಿಂದ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

ಡೆಲ್ ಚೆಂಡನ್ನ ಯಜಮಾನನ ಕೈಲಿಟ್ಟ. ನನ್ನ ಪಕ್ಕದಲ್ಲೇ ಹಾದು ಹೋದ. ಭುಜ ತಾಗಿತು.

ಆಟ ಗೆದ್ವಿ. ಯಾರಿಗೆ ಬೇಕು.

ನನ್ನ ಪಿಚರ್‌ಗೆ ನಾನೇ ಹೊಡೆಸ್ದೆ. ಬೇಕಂತಲೇ.

ಆಗಸ್ಟ್ ೩, ಬುಧವಾರ

ಒಡೆಸ್ಸಾ ಆಸ್ಪತ್ರೆಯಿಂದ ಫೋನ್ ಮಾಡಿದ್ಲು. ಮೊಳಕೈ ಒಳಗೆ ಮೂಳೆ ಕಟ್ಟಿ ಹಿಡಿಯೋ ಪಟ್ಟಿ ನೂಲಲ್ಲಿ ನೇತಾಡ್ತಿತ್ತಂತೆ. ಇನ್ನೊಂದು ಇನ್ನಿಂಗ್ಸ್ ಎಸೆದಿದ್ರೆ ಹೊಲಿಯೋಕೆ ಏನೂ ಉಳೀತಿರ್ಲಿಲ್ಲ ಅಂದ್ರಂತೆ ಡಾಕ್ಟರ್. ಈಗ ಮಣಿಕಟ್ಟಿನ ಸ್ನಾಯು ಹುರಿಯ ತುಂಡು ತೆಗೆದು ಅಲ್ಲಿಗೆ ಹೊಲಿದಿದಾರೆ. ಮತ್ತೆ ಎಸೀತಾನಾ ಅಂದ್ರೆ, ನೋಡೋಣ ಅಂದ್ರಂತೆ. ಡಾಕ್ಟರ್‌ಗಳ 'ನೋಡೋಣ' ನನಗೆ ಗೊತ್ತು.

"ನಾನು ಬರ್ಲಾ?" ಅಂದೆ.

"ಬೇಡ ರೂಡಿ. ನಿನ್ನ ಹೆಸರೆತ್ತಿದ್ರೆ ಗೋಡೆ ಕಡೆ ತಿರುಗ್ತಾನೆ."

ಅವಳ ದನೀಲಿ ಕೋಪ ಇರ್ಲಿಲ್ಲ. ಇದ್ದಿದ್ರೇ ಚೆನ್ನಾಗಿತ್ತು.

ಆಗಸ್ಟ್ ೧೫, ಸೋಮವಾರ

ಪೇಪರಿನವನು ಕೆದಕ್ತಿದಾನೆ. ಸ್ಟ್ರೌಡ್‌ಗೆ ನಡುಮಧ್ಯ ನೇರ ಚೆಂಡು ಯಾಕೆ? ಯಾರು ಕೇಳಿದ್ದು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಅವನು ಬಾಗಿಲಲ್ಲಿ ಕಂಡ್ರೆ ಸ್ನಾನದ ಮನೆಗೆ ಓಡ್ತೀನಿ. ಕೊನೆಗೆ ಸಿಕ್ಕಿಬಿದ್ದೆ. "ನನ್ನ ತಪ್ಪು. ಅಂದಾಜು ತಪ್ಪಿತು," ಅಂದೆ. ಅರ್ಧ ನಿಜ.

ಅವನು ಡೆಲ್‌ಗೂ ಫೋನ್ ಮಾಡಿದಾನೆ. ಇವತ್ತು ಬಂದಿದೆ. ಡೆಲ್ ಹೇಳಿದ್ದು ಒಂದೇ ಸಾಲು — 'ಚೆಂಡು ಎಸೆದವನು ನಾನು.'

ಏನರ್ಥ? ನನ್ನ ಕಾಪಾಡಿದ್ನಾ? ಇಲ್ಲಾ, ಅವನಿಗೆ ಗೊತ್ತೇ ಆಗಿಲ್ವಾ? ಗೊತ್ತಿದ್ದೂ ಒಳಗೆ ಕುದೀತಿದಾನಾ? ಒಂದು ಮಾತಲ್ಲಿ ಅವನು ನನ್ನ ಮುಗಿಸಬಹುದು. ಬೇಕಂತಲೇ ಹೊಡೆಸಿದ ಕ್ಯಾಚರ್‌ಗೆ ಯಾರೂ ಬೆನ್ನಿಗೆ ನಿಲ್ಲಲ್ಲ, ಮೈದಾನದ ಗೇಟೂ ತೆಗೆಯಲ್ಲ. ಮುಗಿಸ್ಲಿ. ಮಾತಾಡಿದ್ರೆ ಸಾಕು.

ಲೊರೇನ್ ಎಲೆಕೋಸಿನ ಸುರುಳಿ ಮಾಡಿದ್ಲು. ತಿನ್ನೋಕಾಗ್ಲಿಲ್ಲ.

ಅಕ್ಟೋಬರ್ ೨೦

ಟೀಮಿಂದ ತೆಗೆದ್ರು. ಮಂಡಿ ಹೋಯ್ತು ಅಂದ್ರು. ಹೋಗಿದೆ. ಯಜಮಾನ ಕೈ ಕುಲುಕಿ, "ಅವತ್ತು ನೀನು ಹೇಳೋಕೆ ಬಂದಿದ್ದೆ. ಕೇಳ್ಬೇಕಿತ್ತು ನಾನು," ಅಂದ. ಅಷ್ಟೇ ಸಮಾಧಾನ.

ನವೆಂಬರ್ ೨೪, ಥ್ಯಾಂಕ್ಸ್‌ಗಿವಿಂಗ್

ಒಡೆಸ್ಸಾ ಗೆಣಸಿನ ಕಡುಬು ಕಳಿಸಿದಾಳೆ, ಪ್ರತಿ ವರ್ಷದ ಹಾಗೆ. ಅವನ ಕಡೆಯಿಂದ ಏನೂ ಇಲ್ಲ. ಡಬ್ಬಿ ಕೆಳಗೂ ನೋಡಿದೆ. ಲೊರೇನ್ ನೋಡಿ ನಕ್ಳು, ಆಮೇಲೆ ನಗು ನಿಲ್ಲಿಸಿ ತಲೆ ಸವರಿದ್ಳು.

ಮಾರ್ಚ್ ೧೧, ಭಾನುವಾರ, ೧೯೮೪. ಸಂಜೆ

ಬಂದ. ಚರ್ಚ್ ಮುಗಿಸಿ ಹೊರಗೆ ಬಂದ್ರೆ ಮೆಟ್ಟಿಲ ಕೆಳಗೆ ನಿಂತಿದಾನೆ, ಹಿಮದಲ್ಲಿ. ಟೀಮೆಲ್ಲಾ ಫ್ಲೋರಿಡಾದ ಬಿಸಿಲಲ್ಲಿ ಅಭ್ಯಾಸ ಮಾಡ್ತಿದೆ. ಇವನನ್ನ ಇನ್ನೂ ಕರೆದಿಲ್ಲ. ಬಲಗೈ ಕೋಟಿನ ಜೇಬಲ್ಲಿ. ತೆಳ್ಳಗಾಗಿದಾನೆ.

ನಾನು ಮೇಲಿನ ಮೆಟ್ಟಿಲಲ್ಲೇ ನಿಂತೆ. ಅವನೇ ಹತ್ತಿ ಬಂದ.

"ಅವತ್ತು ಬೇಕಂತ್ಲೇ ತಾನೇ?"

ಏಳು ತಿಂಗಳು ಇದಕ್ಕೆ ಉತ್ತರ ಕಟ್ಟಿಟ್ಟಿದ್ದೆ. ಬಂದಿದ್ದು, "ಹೂಂ."

"ಗೊತ್ತಿತ್ತು. ಗ್ಲೌಸ್ ಇಟ್ಟಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ತಲೆ ಯಾಕೆ ಅಲ್ಲಾಡಿಸ್ಲಿಲ್ಲ?"

ಹಿಮ ಒದೀತಾ ನಿಂತ. "ಚೆಂಡು ಕೈಲಿರೋದು ಕಣ್ಣಿಗೆ ಕಾಣ್ತಿತ್ತು, ಬೆರಳಿಗೆ ಗೊತ್ತಾಗ್ತಿರ್ಲಿಲ್ಲ. ಒಬ್ಬನೂ ಮಾತಾಡಿಸ್ತಿಲ್ಲ. ನಾನಾಗಿ ಸಾಕು ಅನ್ನೋಕೆ ಬಾಯಿ ಬರ್ಲಿಲ್ಲ ಕಣೋ. ನೀನು ಅಂದೆ."

"ಮತ್ತೆ ಇಷ್ಟು ದಿನ ನನ್ನ ಯಾಕೆ ಸುಟ್ಟೆ ಪಾಪಿ?"

"ಕೋಪ ಇತ್ತು. ನೀನು ಅಂದಿದ್ದಕ್ಕಲ್ಲ, ನಾನು ಹೂಂ ಅಂದಿದ್ದಕ್ಕೆ. ಇನ್ನೂ ಇದೆ. ಗ್ಲೌಸ್ ಎಲ್ಲಿ?"

ಗ್ಲೌಸ್ ಕಾರಲ್ಲೇ ಇತ್ತು. ಅಕ್ಟೋಬರಿಂದ ಕಾರಲ್ಲೇ ಇಟ್ಕೊಂಡು ತಿರುಗ್ತಿದೀನಿ, ಯಾಕೆ ಅಂತ ಲೊರೇನ್ ಕೇಳಿಲ್ಲ.

ಚರ್ಚಿನ ಕೆಳಗಿನ ಹಾಲಲ್ಲಿ, ಕುರ್ಚಿ ಮೇಜು ಗೋಡೆಗೆ ತಳ್ಳಿ, ಅರ್ಧ ದೂರಕ್ಕೆ ನಿಂತ್ವಿ. ಡಾಕ್ಟರ್ ಹೇಳಿರೋದು ನೇರ ಚೆಂಡು ಮಾತ್ರ, ಮೆಲ್ಲಗೆ. ಬೇರೆ ಏನೂ ಕೂಡದು. ನಾನು ಕೂತೆ. ಮಂಡಿ ಎರಡೂ ಬೈದವು. ಅಭ್ಯಾಸ ಬಲ, ಒಂದು ಬೆರಳು ತೋರಿಸ್ದೆ.

ತಲೆ ಅಲ್ಲಾಡಿಸ್ದ.

"ಲೋ, ಇರೋದೇ ಅದೊಂದು. ಇನ್ನೇನು ತೋರಿಸ್ಲಿ?"

"ಮತ್ತೆ ತೋರ್ಸು."

ಮತ್ತೆ ಅದೇ ಬೆರಳು ತೋರಿಸ್ದೆ. ಕ್ಯಾಚರ್ ಹಾಕೋ ಮುಖಗವಸು ಇರ್ಲಿಲ್ಲ, ನಾನು ಅಳ್ತಿರೋದು ಅವನಿಗೆ ಕಂಡಿರತ್ತೆ. ಹೂಂ ಅಂದ. ಎಸೆದ. ಪಟಾಕಿ ಅಲ್ಲ. ಒದ್ದೆ ಟವಲೂ ಅಲ್ಲ. ಬಾಗಿಲು ತಟ್ಟಿದ ಹಾಗೆ ಒಂದು ಸದ್ದು.

ಆದ್ರೆ ಎಸೆಯುವಾಗ ಏನೂ ಗೊತ್ತಾಗಲ್ಲ. ಕೈ ತಣ್ಣಗಾದ ಮೇಲೆ ಗೊತ್ತಾಗೋದು. ಹೋಗುವಾಗ ಹೇಳಿ ಕಳಿಸ್ದೆ — ಸಂಜೆ ಬೆರಳು ಮರಗಟ್ಟಿದ್ರೆ ಫೋನ್ ಮಾಡು, ಮುಚ್ಚಿಡ್ಬೇಡ, ನನ್ನಾಣೆ. ಮಾಡ್ತೀನಿ ಅಂದಿದಾನೆ. ಊಟಕ್ಕೆ ಕೂತಿಲ್ಲ ನಾನು. ಫೋನ್ ಪಕ್ಕ ಕೂತು ಇದನ್ನ ಗೀಚ್ತಿದೀನಿ. ಬಡೀದೇ ಇರ್ಲಿ. ಇಷ್ಟು ಹೊತ್ತಾಯ್ತು, ಇನ್ನು ಬಡಿಯಲ್ಲ ಅನ್ಸ—

ಬಡೀತು.

ನನ್ನ ಕೈಲಿ ಎತ್ತೋಕಾಗ್ಲಿಲ್ಲ. ಲೊರೇನ್ ಎತ್ತಿದಾಳೆ. ಡೆಲ್ಲೇ. ಅವಳು ಹೂಂ, ಹೂಂ ಅಂತಿದಾಳೆ. ಮುಖ ಈ ಕಡೆ ಇಲ್ಲ.

ತಿರುಗಿದ್ಳು. ಅಂಗಿ ಗುಂಡಿ ತಾನೇ ಹಾಕ್ಕೊಂಡ್ನಂತೆ, ಬಲಗೈಲಿ, ಕತ್ತಿನವರೆಗೂ. ನಾಳೆ ಎಷ್ಟೊತ್ತಿಗೆ ಎಸೆಯೋಣ ಅಂತ ಕೇಳ್ತಿದಾನೆ. ಹೇಳಿ ಬರ್ತೀನಿ.